ಬಲಗೈಗೆ ಮೂವತ್ತು ರೂಪಾಯಿ

ಬುಧವಾರ, ಮಾಹಿಮ್ ಚರ್ಚಿನ ಮುಂದ
ಫುಟ್‌ಪಾತಿನ ಮ್ಯಾಲ ನನ್ನ ಅಂಗಡಿ.
ಅಂಗಡಿ ಅಂದ್ರ ಒಂದು ಹಲಗಿ, ತೆಲಿ ಮ್ಯಾಲೊಂದು ನೀಲಿ ತಾಡಪತ್ರಿ.
ಹಲಗಿ ತುಂಬ ಮೇಣದ ಮಂದಿ, ತುಂಡು ತುಂಡಾಗಿ:
ಕಾಲು, ಕೈ, ಜೋಡಿ ಕಣ್ಣು, ಎದಿ, ಹೊಟ್ಟಿ,
ಕೂಸು ಬೇಕಾದವ್ರಿಗೆ ಕೂಸು,
ದುಬೈ ಬೇಕಾದವ್ರಿಗೆ ವಿಮಾನ,
ಬಾಡಿಗಿ ಕಟ್ಟಿ ಬ್ಯಾಸತ್ತವ್ರಿಗೆ ಮನಿ,
ಒಂದ ಬಾಗಿಲು, ಬಾಲ್ಕನಿ ಇಲ್ಲ.

ಬಲಗೈ ಮೂವತ್ತು ರೂಪಾಯಿ. ಎಡಗೈನೂ ಅಷ್ಟ.
ಬ್ಯಾನಿಗೆ ಎಡ ಬಲ ಇಲ್ಲ.

ಹಳೇ ಮೇಣ ನನಗ ಕಿಲೋ ಲೆಕ್ಕದಾಗ ಬರತೈತಿ.
ಎಲ್ಲಿಂದ ಅಂತ ಇಷ್ಟು ವರ್ಷ ನಾ ಕೇಳಿಲ್ಲ.
ಒಮ್ಮೆ ಕುದಿಯೂ ಬೋಗಾಣ್ಯಾಗ
ಅರ್ಧ ಕರಗಿದ ಕಿವಿ ಒಂದು ತೇಲಿ ಬಂತು.
ಕನ್ನಡದಾಗ ಬೈದೆ.
ಕೇಳಿಸ್ಕೊಂಡ್ಹಂಗ ಮಾಡಿ ಮುಳುಗಿತು.

ಆ ಮುಂಜಾನಿ ಹಲ್ಲುಜ್ಜೂ ಬ್ರಶ್ಶು ಕೈಯಿಂದ ಬಿತ್ತು.
ಎತ್ತು ಅಂದೆ ಕೈಗೆ.
ಮೂವತ್ತು ವರ್ಷ ಅಚ್ಚು ಹೊಯ್ದ ಕೈ,
ಯಾರೋ ಬಾಡಿಗಿಗೆ ಬಂದವ್ರಂಗ ಸುಮ್ಮನ ತೂಗಾಡ್ತು.

ಬಾಜೂಕ ಹೂ ಮಾರೂ ಫಿಲುಮೆನಾ ಅಂದ್ಲು:
ನೊವೇನಾ ಹಿಡಿ ನೀಲಗಂಗಾ, ಒಂಬತ್ತು ಬುಧವಾರ.
ಕೈ ನಿನ್ನ ಹಂತೇಕ ಅದಾವು, ಖರ್ಚಿಲ್ಲ.
ಜಮಖಂಡಿಯಿಂದ ಅಕ್ಕನ ಫೋನು:
ಯಲ್ಲವ್ವಗ ಬೆಳ್ಳಿ ಕೈ ಮಾಡಸ್ತೀನಿ ಅನ್ನು.
ಅಳಿಯ ದುಂಡಪ್ಪ ನಕ್ಕ:
ಎಲ್ಲಾ ಬೂಟಾಟಿಕಿ. ಮನಸ್ಸು ಗಟ್ಟಿ ಮಾಡು, ಎಲ್ಲಾ ಆಗತೈತಿ.
ಅವನ ಮನಸ್ಸು ಭಾಳ ಗಟ್ಟಿ.
ಮೂರು ತಿಂಗಳ ಖೋಲಿ ಬಾಡಿಗಿ ನಾನ ತುಂಬೇನಿ.

ಸಾಯನ್ ಆಸ್ಪತ್ರಿ, ಹದಿನೇಳನೇ ನಂಬರಿನ ಖೋಲಿ.
ರುತುಜಾ ಅಂತ ಹುಡುಗಿ, ನನ್ನ ಮೊಮ್ಮಗಳ ವಾರಿಗಿ,
ಕೈ ಹಿಡಿದು ತಿರುವಿ ತಿರುವಿ ನೋಡಿ ಅಂದ್ಲು:
ಮೌಶಿ, ಬೆಚ್ಚನ ಮೇಣದಾಗ ಕೈ ಅದ್ದು.
ಮೆತ್ತಗ ಇರೂತನಕ ಹಿಚುಕು. ದಿನಕ್ಕ ಇನ್ನೂರು ಸಲ.

ಮೇಣ!
ನಗು ಬಂತು. ಬಾಯಿ ಅರ್ಧಾನ ನಕ್ಕಿತು.

ಇನ್ನೂರು ಅಂದ್ರ ಸಣ್ಣ ಲೆಕ್ಕ ಅಲ್ಲ.
ಬರೇ ಅಂಕಿ ಎಣಿಸಿದ್ರ ನಿದ್ದಿ ಬರತಿತ್ತು.
ಒಂದಕ್ಕ ಯಲ್ಲವ್ವ ಅಂದೆ,
ಎರಡಕ್ಕ ಒಳಗಿನ ಮೇರಿ,
ಮೂರಕ್ಕ ಆಚಿ ಓಣಿ ದರ್ಗಾದ ಬಾಬಾ,
ನಾಲ್ಕಕ್ಕ ರುತುಜಾ,
ಐದಕ್ಕ ಒಂದು ಬೈಗುಳ.
ಮತ್ತ ಒಂದರಿಂದ.

ನಾಲ್ಕನೇ ತಿಂಗಳು ಕಿರುಬಳ್ಳು ಅಲುಗಿತು.
ಯಾರ ಹೆಸರಿಗೆ ಅಲುಗಿತೋ ಲಕ್ಷ್ಯ ಇಲ್ಲ,
ಬೈಗುಳಾನೂ ಇರಬಹುದು.
ಅವತ್ತು ಮಂಗಳವಾರ.
ಬುಧವಾರ ಅಂತ ಫಿಲುಮೆನಾ ಊರೆಲ್ಲ ಹೇಳಿದ್ಲು.
ನಾ ತಿದ್ದಲಿಲ್ಲ.
ಆ ವಾರ ಆಕಿ ಹೂ ಎರಡು ಬುಟ್ಟಿ ಹೆಚ್ಚು ಹೋದವು.

ಹೇಳಬಾರದು, ಹೇಳ್ತೀನಿ:
ಬೆರಳು ಅಲುಗೂಕಿಂತ ಮೊದಲ, ಒಂದು ಸಂಜಿಮುಂದ,
ಬಲಗೈ ಒಂದನ್ನ ಸೆರಗಿನಾಗ ಮುಚ್ಚಿಕೊಂಡು ಹೋಗಿ
ಎಡಗೈಲೆ ಇಟ್ಟು ಬಂದಿದ್ದೆ.
ಏನೂ ಬೇಡಲಿಲ್ಲ. ಬೇಡೂದು ಹೆಂಗ, ಮರತಿತ್ತು.
ಬಂದು ಗಲ್ಲಾದಾಗ ಮೂವತ್ತು ರೂಪಾಯಿ ಹಾಕಿದೆ.
ಲೆಕ್ಕ ಅಂದ್ರ ಲೆಕ್ಕ.

ಈಗ ಕುಪ್ಪಸದ ಗುಂಡಿ ಹಾಕ್ಕೋತೀನಿ. ಕಡೀದೊಂದು ಬಿಟ್ಟು.

ಮೊನ್ನೆ ಒಬ್ಬ ಟ್ಯಾಕ್ಸಿಯವ ಬಂದ,
ಬಲಗೈ ತೊಡಿ ಬಾಜೂಕ ಸತ್ತ ಮೀನಿನ್ಹಂಗ.
ಹಲಗಿ ಮ್ಯಾಲಿನ ಕೈ ತೋರಿಸಿ ಕೇಳಿದ: ಫಾಯದಾ ಆಗತದಾ?

ಆಗತದ ಅಂದ್ರ ಸುಳ್ಳು.
ಇಲ್ಲ ಅಂದ್ರ, ಅದೂ ನನಗ ಗೊತ್ತಿಲ್ಲ.
ಮೇಣದ ಕೈ ಕೊಟ್ಟೆ.
ಜೋಡಿ, ನಾ ಹಿಚುಕಿದ ಮೇಣದ ಮುದ್ದಿ ಕೊಟ್ಟೆ,
ನಾಲ್ಕು ಬೆರಳಿನ ಕುಣಿ ಬಿದ್ದದ್ದು.
ಇದಕೆಷ್ಟು ಅಂದ.
ಇದು ಮಾರೂದಲ್ಲ ಅಂದೆ. ಇನ್ನೂರು ಸಲ ಅಂದೆ. ಸಾಯನ್ ಅಂದೆ.

ಐವತ್ತರ ನೋಟು ಕೊಟ್ಟ.
ಚಿಲ್ಲರ ಬಲಗೈಲೆ ಎಣಿಸಿದೆ, ಹಟಕ್ಕ.
ಹತ್ತರ ನಾಣ್ಯ ಒಂದು ಜಾರಿ ಬಿತ್ತು.
ಇಬ್ರೂ ಬಗ್ಗಿದ್ವಿ.
ಯಾರ ಕೈ ಮೊದಲು ಮುಟ್ಟತೈತಿ ಅಂತ
ಫಿಲುಮೆನಾ ಹೂ ಕಟ್ಟೂದು ಬಿಟ್ಟು
ನೋಡಾಕತ್ಲು.